ಅರ್ಮಾಂದೂನ ಪೋರ್ಚುಗೀಸು, ನಮ್ಮ ಬಳಗದ ಮರಾಠಿ

ಅಡುಗೆಮನೆಯ ಮೇಲಿನ ಮಾಳಾ ಸ್ವಚ್ಛ ಮಾಡುವ ಕೆಲಸವನ್ನು ನಮ್ಮ ಮನೆಯಲ್ಲಿ ನಾನು ಇನ್ನೊಬ್ಬರಿಗೆ ಬಿಟ್ಟುಕೊಟ್ಟವನಲ್ಲ. ಗಂಡಸರು ಮನೆಗೆಲಸಕ್ಕೆ ಇಷ್ಟು ಹುರುಪಿನಿಂದ ಮುಂದಾಗುವುದು ಅಪರೂಪ ಎಂದು ನೀವು ಮೆಚ್ಚಿಕೊಳ್ಳುವ ಮೊದಲೇ ನಿಜ ಹೇಳಿಬಿಡುತ್ತೇನೆ. ಹೆಂಡತಿ ಸುಮಿತ್ರಾ ನನಗೆ ತಿಳಿಸದೆ ಯಾವ್ಯಾವ ಹಳೇ ಸಾಮಾನು ಹೊರಗೆ ಹಾಕಿದ್ದಾಳೆ ಎಂದು ತಪಾಸಣೆ ಮಾಡಲು ಇದಕ್ಕಿಂತ ಒಳ್ಳೆಯ ನೆಪ ಇಲ್ಲ. ಈ ಸಲ ಗಣಪತಿ ಕಳಿಸಿದ ಮರುವಾರ ಏಣಿ ಹತ್ತಿದೆ. ತೂತು ಬಿದ್ದ ಕೊಡೆ ಇತ್ತು. ಮಗಳು ಗೌರಿಯ ಮೂರು ಗಾಲಿ ಸೈಕಲ್ಲಿನ ಎರಡು ಗಾಲಿ ಇದ್ದವು. ಮೂರನೆಯದರ ವಿಚಾರಣೆ ಇನ್ನೂ ಬಾಕಿ ಇದೆ. ಅವುಗಳ ಹಿಂದೆ ಕೆಂಪು ರಟ್ಟಿನ ಒಂದು ದಪ್ಪ ಪುಸ್ತಕ ಸಿಕ್ಕಿತು.

ಅದು ಪುಣೆಯಲ್ಲಿ ನಮ್ಮ ಕೋಥರೂಡದ ಕನ್ನಡ ಬಳಗದ ನಡಾವಳಿ ಪುಸ್ತಕ. ಬಳಗ ಈಗಿಲ್ಲ. ಆದರೆ ತೊಂಬತ್ತರ ದಶಕದಲ್ಲಿ ನಾವು ಮೂವತ್ತು ಮನೆಯವರು ಸೇರಿ ತಿಂಗಳಿಗೊಮ್ಮೆ ಸಭೆ ಮಾಡುತ್ತಿದ್ದೆವು. ಅಲ್ಲಿ ಏನು ಮಾತಾಯಿತು, ಯಾರು ಏನು ಸೂಚಿಸಿದರು ಎಂಬುದನ್ನು ಕಾರ್ಯದರ್ಶಿಯಾದವನು ಇದರಲ್ಲಿ ಬರೆಯುತ್ತಿದ್ದ. ಪುಟ ತಿರುವಿದೆ. ಮೊದಲ ಹದಿನಾಲ್ಕು ಪುಟ ಅಚ್ಚ ಕನ್ನಡ. ಹದಿನೈದನೆಯ ಪುಟದಿಂದ ಕೊನೆಯವರೆಗೆ ಮರಾಠಿ.

ಹನ್ನೊಂದು ವರ್ಷದಿಂದ ನಾನು ಬಂದವರಿಗೆ ಹೋದವರಿಗೆಲ್ಲ ಹೇಳಿಕೊಂಡು ಬಂದದ್ದು ಒಂದೇ ಮಾತು: ನಮ್ಮ ಕನ್ನಡ ಬಳಗವನ್ನು ಮರಾಠಿ ಮಾಡಿ ಹಾಕಿದವರು ಸದಾನಂದ ಶೆಟ್ಟರು. ಮದುವೆಯ ಪಂಕ್ತಿಯಲ್ಲಿ ಹೇಳಿದ್ದೇನೆ, ಚಿಂಚವಾಡದ ಫ್ಯಾಕ್ಟರಿಗೆ ಹೋಗುವ ಕಂಪನಿ ಬಸ್ಸಿನಲ್ಲಿ ಹೇಳಿದ್ದೇನೆ, ಒಮ್ಮೆ ದಂತವೈದ್ಯನ ಕುರ್ಚಿಯಲ್ಲಿ ಬಾಯಿ ತೆರೆಯುವ ಮೊದಲು ಹೇಳಿದ್ದೇನೆ. ಆ ಹದಿನೈದನೆಯ ಪುಟದ ಅಕ್ಷರ ಯಾರದೆಂದು ಈಗಲೇ ಹೇಳಲು ಮನಸ್ಸು ಒಪ್ಪುತ್ತಿಲ್ಲ. ಸ್ವಲ್ಪ ತಾಳಿ.

ಸಂಶಯ ನಮ್ಮ ಮನೆತನದ ಆಸ್ತಿ. ರಬಕವಿಯಲ್ಲಿ ನಮ್ಮಪ್ಪ ಸೀರೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಗುಮಾಸ್ತ. ಊರಿಗೆ ಹೊರಟರೆ ಮನೆಗೆ ಕೀಲಿ ಹಾಕಿ ಮೂರು ಸಲ ಜಗ್ಗಿ ನೋಡುತ್ತಿದ್ದ. ಓಣಿಯ ತುದಿಗೆ ಬಂದ ಮೇಲೆ ನನ್ನನ್ನು ಓಡಿಸಿ ನಾಲ್ಕನೆಯ ಸಲ ಜಗ್ಗಿಸುತ್ತಿದ್ದ. ನಾನು ಜಗ್ಗಿದೆನೋ ಇಲ್ಲವೋ ಎಂದು ತಾನೇ ತಿರುಗಿ ಹೋಗಿ ಐದನೆಯ ಸಲ ಜಗ್ಗುತ್ತಿದ್ದ. ನಾವು ಹಿಡಿದದ್ದು ಯಾವಾಗಲೂ ಎರಡನೆಯ ಬಸ್ಸು.

ಅವ್ವ ಇನ್ನೂ ಒಂದು ಕೈ ಮೇಲು. ಬೆಲ್ಲದ ಪೆಂಟೆಯನ್ನು ಡಬ್ಬಿಯಲ್ಲಿಡುವಾಗ ಮೇಲ್ಮೈಯನ್ನು ಒದ್ದೆ ಕೈಯಿಂದ ಸವರಿ ನುಣ್ಣಗೆ ಮಾಡಿ, ತನ್ನ ಬಳೆಯನ್ನು ಒತ್ತಿ ದುಂಡಗಿನ ಗುರುತು ಮೂಡಿಸುತ್ತಿದ್ದಳು. ಕೆರೆದು ತಿಂದರೆ ಗುರುತು ಅಳಿಸುತ್ತಿತ್ತು. ಏಳು ವರ್ಷದವನಿದ್ದಾಗ ನಾನು ಇದಕ್ಕೊಂದು ಉಪಾಯ ಮಾಡಿದೆ. ಬೆಲ್ಲ ತಿಂದು, ಮತ್ತೆ ಸವರಿ, ಬಾಜೂಮನೆ ಹುಡುಗಿಯ ಬಳೆ ಬೇಡಿ ತಂದು ಒತ್ತಿಟ್ಟೆ. ಅವ್ವ ಡಬ್ಬಿಯ ಮುಚ್ಚಳ ತೆಗೆದವಳೇ, "ಇದು ನನ್ನ ಬಳಿ ಅಲ್ಲ," ಅಂದಳು. ಬೆನ್ನ ಮೇಲೆ ಎರಡು ಬಿತ್ತು. ಬೆಲ್ಲ ಕದ್ದದ್ದಕ್ಕೆ ಒಂದು, ಆಕೆಯ ಬಳೆಯ ಅಳತೆ ಆಕೆಗೇ ಗೊತ್ತಿಲ್ಲ ಎಂದುಕೊಂಡದ್ದಕ್ಕೆ ಇನ್ನೊಂದು.

ಅವ್ವ ಅಕ್ಷರ ಕಲಿತದ್ದೂ ಸಂಶಯದಿಂದಲೇ. ನಾನು ನೌಕರಿಗೆಂದು ಪುಣೆಗೆ ಬಂದ ಮೇಲೆ ನನ್ನ ಕಾಗದಗಳನ್ನು ಆಕೆಗೆ ಎದುರುಮನೆಯ ಮಾಸ್ತರರು ಓದಿ ಹೇಳುತ್ತಿದ್ದರು. ಅವರು ನಡುವೆ ಎರಡು ಸಾಲು ನುಂಗುತ್ತಾರೆ ಎಂದು ಅವ್ವನಿಗೆ ಅನ್ನಿಸಿತು. ನಲವತ್ತು ದಾಟಿದ ವಯಸ್ಸಿನಲ್ಲಿ ನನ್ನ ತಂಗಿಯ ಪಾಟಿ ಹಿಡಿದು ಕೂತು, ಆರು ತಿಂಗಳಲ್ಲಿ ಓದು ಬರಹ ಎರಡೂ ಕಲಿತಳು. ಕಲಿತ ಮೇಲೆ ಹಳೇ ಕಾಗದಗಳನ್ನೆಲ್ಲ ತೆಗೆದು ತಾನೇ ಓದಿದಳು. ಮಾಸ್ತರರು ಒಂದಕ್ಷರವನ್ನೂ ನುಂಗಿರಲಿಲ್ಲ. ಹಾಗಾದರೆ ಅವರು ಯಾಕೆ ನಡುವೆ ಕೆಮ್ಮುತ್ತಿದ್ದರು ಎಂಬುದು ಅವ್ವನ ಮುಂದಿನ ಸಂಶಯವಾಯಿತು.

ಇಂಥ ಅವ್ವನ ಮೊಮ್ಮಗಳಿಗೆ ಕನ್ನಡ ಬರುತ್ತಿರಲಿಲ್ಲ. ಶಾಲೆ, ಓಣಿ, ಟೀವಿ ಎಂದು ಕಾರಣ ಹೇಳಬಹುದು, ಎಲ್ಲರೂ ಹೇಳುತ್ತಾರೆ. ನಮ್ಮ ಮನೆಯ ಕಾರಣ ಬೇರೆ. ಸುಮಿತ್ರಾ ಸೊಲ್ಲಾಪುರದ ಕನ್ನಡದವಳು. ನಾವಿಬ್ಬರೂ ಗೌರಿಯೊಂದಿಗೆ ಮರಾಠಿಯಲ್ಲಿ ಮಾತಾಡುತ್ತಿದ್ದೆವು. ಆಕೆಗೆ ಗೊತ್ತಾಗಬಾರದ ಮಾತಿದ್ದರೆ ಮಾತ್ರ ಕನ್ನಡಕ್ಕೆ ಹೊರಳುತ್ತಿದ್ದೆವು. "ಆಕೀಗೆ ನಾಳೆ ಇಂಜೆಕ್ಷನ್ ಅದ, ಹೇಳಬ್ಯಾಡ್ರಿ." "ಪೇಢೆ ಕಪಾಟಿನ ಮ್ಯಾಲ ಇಟ್ಟೀನಿ." "ಜಾತ್ರಿಗೆ ಬಿಟ್ಟು ಹೋಗೂಣು, ನಿಮ್ಮ ತಂಗಿ ಮನ್ಯಾಗ ಇರಲಿ." ಹೀಗೆ ನಮ್ಮ ಮನೆಯಲ್ಲಿ ಕನ್ನಡವು ಮಗುವಿನ ವಿರುದ್ಧ ಹೂಡುವ ಸಂಚಿನ ಭಾಷೆಯಾಗಿತ್ತು. ಕನ್ನಡ ಕಿವಿಗೆ ಬಿದ್ದರೆ ಗೌರಿ ಅಳಲು ಶುರುಮಾಡುತ್ತಿದ್ದಳು, ಏಕೆಂದರೆ ಅದರ ಹಿಂದೆಯೇ ಸೂಜಿ ಬರುತ್ತಿತ್ತು. ಅವಳು ಕಲಿತುಬಿಟ್ಟರೆ ನಮಗೆ ಬೇರೆ ಗುಟ್ಟಿನ ಭಾಷೆ ಇರಲಿಲ್ಲವಲ್ಲ, ಅದಕ್ಕೇ ನಾವೂ ಎಚ್ಚರದಿಂದಲೇ ಇದ್ದೆವು.

ಗೌರಿಗೆ ಒಂಬತ್ತು ತುಂಬಿದ ವರ್ಷ ಶ್ರಾವಣದಲ್ಲಿ ಅವ್ವನ ಕಾಗದ ಬಂತು. ನನ್ನ ಹೆಸರಿನ ಲಕೋಟೆಯ ಒಳಗೆ ಇನ್ನೊಂದು ಪುಟ್ಟ ಲಕೋಟೆ, ವಹಿಯ ಹಾಳೆ ಮಡಿಚಿ ಮಾಡಿದ್ದು. ಅನ್ನದ ಅಂಟಿನಿಂದ ಮುಚ್ಚಿ, ಅಂಟಿದ ಸಂದಿಯ ಮೇಲೆ ಹೆಬ್ಬೆರಳಿನಿಂದ ಕುಂಕುಮ ಒತ್ತಿದ್ದಳು. ನನಗೆ ಬರೆದದ್ದು ನಾಲ್ಕೇ ಸಾಲು: "ಒಳಗಿನ ಕಾಗದ ಗೌರಿಗೆ. ಆಕೀನ ಓದಬೇಕು. ನೀ ಓದಿ ಹೇಳಬ್ಯಾಡ. ಅದರಾಗ ನಂದು ಆಕೀದು ಒಂದು ಮಾತು ಅದ."

ನಾನು ಇದನ್ನು ಮರಾಠಿ ಮಾಡಿ ಹೇಳಿದೆ. ಗೌರಿ ನನ್ನ ಕೈಯಿಂದ ಲಕೋಟೆ ಕಿತ್ತುಕೊಂಡು ಕಂಪಾಸ್ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಒತ್ತಿದಳು. ತನ್ನ ಹೆಸರಿಗೆ ಬಂದ ಮೊದಲ ಕಾಗದ. ಕನ್ನಡ ಓದಲು ಕಲಿತ ಮೇಲೆ ತಾನೇ ಬಿಚ್ಚುತ್ತೇನೆ, ಬಾಬಾ ಮುಟ್ಟಬಾರದು ಎಂದಳು.

ಮುಟ್ಟದೆ ಇರುವುದು ಹೇಗೆ? ನನ್ನ ಸ್ವಂತ ಅವ್ವ ನನ್ನ ಸ್ವಂತ ಮಗಳಿಗೆ, ನನ್ನನ್ನು ಬಿಟ್ಟು ಏನು ಬರೆದಿರಬಹುದು? ನನ್ನ ಬಗ್ಗೆಯೇ ಇರಬೇಕು. ಮೂರು ದಿನ ತಡೆದೆ. ನಾಲ್ಕನೆಯ ದಿನ, ಇಡೀ ನೌಕರಿಯಲ್ಲಿ ಕಾರಣವಿಲ್ಲದೆ ತೆಗೆದುಕೊಂಡ ಒಂದೇ ಒಂದು ಅರ್ಧ ದಿನದ ರಜೆ ಹಾಕಿ ಮನೆಗೆ ಬಂದೆ. ಗೌರಿ ಶಾಲೆಯ ಪ್ರವಾಸಕ್ಕೆಂದು ಸಿಂಹಗಡಕ್ಕೆ ಹೋಗಿದ್ದಳು, ಪೆಟ್ಟಿಗೆ ಮನೆಯಲ್ಲೇ ಇತ್ತು. ಸುಮಿತ್ರಾ ಭಾಜಿ ಮಂಡಿಗೆ ಹೋಗಿದ್ದಳು. ಚಹಾದ ಪಾತ್ರೆಯ ಹಬೆಗೆ ಲಕೋಟೆ ಹಿಡಿದೆ. ಅಂಟು ಬಿಟ್ಟಿತು. ಕಾಗದ ಬಿಚ್ಚಿದೆ. ಮೊದಲ ಸಾಲು ಹೀಗಿತ್ತು:

"ಗೌರೀ, ಈ ಕಾಗದ ನಿಮ್ಮಪ್ಪ ನಿನಗಿಂತ ಮೊದಲ ಬಿಚ್ಚಿರ್ತಾನ. ಶೀನ್ಯಾ, ಇಲ್ಲಿಗೇ ನಿಲ್ಲಸು."

ಬೆನ್ನ ಮೇಲೆ ಎರಡು ಬಿದ್ದಷ್ಟೇ ಚುರುಕ್ಕೆಂದಿತು. ಕಣ್ಣು ಮುಚ್ಚಿಕೊಂಡೇ ಕಾಗದ ಮಡಿಚಿದೆ. ಮುಂದಿನ ಸಾಲಿನ ಮೊದಲ ಅಕ್ಷರ 'ಬ' ಎಂಬುದು ಮಾತ್ರ ಕಂಡಿತು. ಅದು ಕಂಡದ್ದು, ಓದಿದ್ದಲ್ಲ. ಬುಟ್ಟಿಯಲ್ಲಿದ್ದ ಮುಂಜಾನೆಯ ಅನ್ನದ ಎರಡು ಅಗುಳು ತೆಗೆದು ಮೊದಲಿನಂತೆ ಅಂಟಿಸಿ, ಸುಮಿತ್ರಾಳ ಕುಂಕುಮದ ಕರಡಿಗೆಯಿಂದ ಹೆಬ್ಬೆರಳು ಅದ್ದಿ ಒತ್ತಿ, ಪೆಟ್ಟಿಗೆಯಲ್ಲಿ ಇದ್ದಂತೆಯೇ ಇಟ್ಟೆ. ಈ ವಿಷಯ ಅಂದಿನಿಂದ ಈ ಏಣಿ ಹತ್ತಿದ ದಿನದವರೆಗೆ ಯಾರಿಗೂ ಹೇಳಿದವನಲ್ಲ.

ಆ ನಾಚಿಕೆಯೇ ನನ್ನಿಂದ ಒಂದು ಒಳ್ಳೆಯ ಕೆಲಸ ಮಾಡಿಸಿತು. ಬಳಗದ ಸಭೆಯಲ್ಲಿ ಎದ್ದು ನಿಂತು, ನಮ್ಮ ಮಕ್ಕಳಿಗೆ ರವಿವಾರ ಕನ್ನಡದ ಕ್ಲಾಸು ಬೇಕೇ ಬೇಕು ಎಂದು ಸೂಚಿಸಿದೆ. ಮಕ್ಕಳೆಲ್ಲರ ಹೆಸರಿನಲ್ಲಿ ಸೂಚಿಸಿದರೂ ನನಗೆ ಬೇಕಾಗಿದ್ದದ್ದು ಒಂದೇ: ಗೌರಿ ಆ ಕಾಗದ ಓದಬೇಕು, ಅವ್ವ ದೀಪಾವಳಿಗೆ ಬಂದಾಗ "ಓದಿದೆ" ಅನ್ನಬೇಕು. ಅಧ್ಯಕ್ಷರಾದ ಸದಾನಂದ ಶೆಟ್ಟರು ಕುಂದಾಪುರದ ಕಡೆಯವರು, ಕರ್ವೆ ರಸ್ತೆಗೆ ಹತ್ತಿರ ಅವರ ಹೋಟೆಲು. ಅದರ ಹಿಂದಿನ ಉಳ್ಳಾಗಡ್ಡಿ ಗೋದಾಮನ್ನು ತೆರವು ಮಾಡಿ ಬಿಟ್ಟುಕೊಟ್ಟರು. ಮಕ್ಕಳಿಗೆ ಪ್ರತಿ ವಾರ ಇಡ್ಲಿ ಪುಕ್ಕಟೆ ಎಂದರು. ಪುಕ್ಕಟೆ ಯಾಕೆ, ಇವರಿಗೆ ಇದರಲ್ಲಿ ಏನು ಲಾಭ, ಎಂದು ನಾನು ಆ ರಾತ್ರಿಯೇ ಸುಮಿತ್ರಾಳೊಂದಿಗೆ ಚರ್ಚಿಸಿದೆ. ಕನ್ನಡದಲ್ಲಿ, ಗೌರಿಗೆ ತಿಳಿಯಬಾರದೆಂದು.

ಈಗ ಅರ್ಮಾಂದೂನನ್ನು ಕರೆತರಬೇಕು. ಆ ವರ್ಷ ಜೂನಿನಲ್ಲಿ ನಮ್ಮ ತಳಮನೆಯ ಹೊರಕೋಣೆಯನ್ನು ಬಾಡಿಗೆಗೆ ಹಿಡಿದವನು ಅವನು. ಆಫ್ರಿಕಾದ ಮೊಜಾಂಬಿಕ್ ದೇಶದವನು, ಇಲ್ಲಿ ಬೀಕಾಂ ಓದುತ್ತಿದ್ದ. ಎತ್ತರದ, ಮೆಲುದನಿಯ, ಚಪ್ಪಲಿಯನ್ನು ಬಾಗಿಲ ಹೊರಗೆ ಸಾಲಾಗಿ ಬಿಡುವ ಹುಡುಗ. ಇಷ್ಟು ಒಳ್ಳೆಯವನು ಎಂದರೆ ಏನೋ ಇದೆ ಎಂದು ನನಗೆ ಮೊದಲ ದಿನವೇ ಅನ್ನಿಸಿತ್ತು. ಅವನ ಊರಿನ ಇನ್ನಿಬ್ಬರು ಹುಡುಗರು ಸಂಜೆ ಬರುತ್ತಿದ್ದರು. ಮೂವರೂ ಯಾವುದೋ ಭಾಷೆಯಲ್ಲಿ ನಗುತ್ತ ಮಾತಾಡುತ್ತಿದ್ದರು. ನಾನು ತುಳಸಿಗೆ ನೀರು ಹಾಕುವ ನೆಪದಲ್ಲಿ ಕಿಟಕಿಯ ಕೆಳಗೆ ನಿಲ್ಲುತ್ತಿದ್ದೆ. ಆ ತುಳಸಿ ಅತಿಯಾದ ನೀರಿಗೇ ಕೊಳೆತುಹೋಯಿತು. ಒಂದನೇ ತಾರೀಖಿನ ಸಂಜೆ ಅವರ ಮಾತಿನಲ್ಲಿ 'ಪಗಾರ್' ಎಂದು ಸ್ಪಷ್ಟವಾಗಿ ಕೇಳಿಸಿತು, ಹಿಂದೆಯೇ 'ಅರ್ಮಾರಿಯು' ಎಂದು. ನನ್ನ ಪಗಾರ ಆಗಿದ್ದು ಅದೇ ದಿನ, ಅದು ಇದ್ದದ್ದು ಅಲಮಾರಿಯಲ್ಲೇ! ಸುಮಿತ್ರಾಳ ಬಂಗಾರವನ್ನು ಅಕ್ಕಿಯ ಡಬ್ಬಿಗೆ ವರ್ಗ ಮಾಡಿದೆ. ಆ ಮಾತುಗಳನ್ನು ನಮ್ಮ ಕಡಲದಂಡೆಗೆ ತಂದು ಬಿಟ್ಟವರೇ ಪೋರ್ಚುಗೀಸರು, ನಾವು ಹುಟ್ಟಿದಾಗಿನಿಂದ ಅರ್ಧ ಮನೆಯ ಸಾಮಾನನ್ನು ಅವರ ಹೆಸರಿನಿಂದಲೇ ಕರೆಯುತ್ತಿದ್ದೇವೆ ಎಂಬುದು ನನಗೆ ತಿಳಿದದ್ದು ಆಮೇಲೆ. ಬಂಗಾರ ಮಾತ್ರ ದಸರೆಯವರೆಗೆ ಅಕ್ಕಿಯಲ್ಲೇ ಇತ್ತು.

"ನೀವು ಮಾತಾಡೋದು ನಿಮ್ಮ ಭಾಷೆಯೇ?" ಎಂದು ಒಂದು ದಿನ ಕೇಳಿಯೇ ಬಿಟ್ಟೆ. ಅವನಿಗೂ ನನಗೂ ನಡುವೆ ಇದ್ದದ್ದು ಇಬ್ಬರ ಮುರುಕು ಇಂಗ್ಲಿಷು. ಅದನ್ನು ಇಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೇನೆ. "ಪೋರ್ಚುಗೀಸು," ಎಂದ. "ಅದು ನಿಮ್ಮನ್ನು ಆಳಿದವರದಲ್ಲವೇ?" "ಹೌದು. ಈಗ ನಮ್ಮ ದೇಶದ ಭಾಷೆ." ನನಗೆ ನಂಬಿಕೆ ಬರಲಿಲ್ಲ. ಆಳಿದವರನ್ನು ಹೊರಗೆ ಹಾಕಿ ಅವರ ನಾಲಿಗೆಯನ್ನು ಇಟ್ಟುಕೊಳ್ಳುತ್ತಾರೆಯೇ ಯಾರಾದರೂ? ತನ್ನ ನಿಜವಾದ ಭಾಷೆಯನ್ನು ನನ್ನಿಂದ ಮುಚ್ಚಿಡುತ್ತಿದ್ದಾನೆ ಎಂದುಕೊಂಡೆ.

ಇಂಥವನು ರವಿವಾರದ ಕನ್ನಡ ಕ್ಲಾಸಿಗೆ ತಾನೂ ಬರುತ್ತೇನೆ ಎಂದಾಗ ನನ್ನ ಸ್ಥಿತಿ ಏನಾಗಿರಬೇಡ! ಗೌರಿಯೇ ಅವನನ್ನು ಕರೆದಿದ್ದಳು. ಬೇಡ ಎನ್ನಲು ಕಾರಣ ಹೊಳೆಯಲಿಲ್ಲ. ಗೋದಾಮಿನ ಚಾಪೆಯ ಮೇಲೆ, ಗೌರಿಯ ಪಕ್ಕದಲ್ಲಿ, ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತು, ಅವನು ಅ ಆ ಇ ಈ ತಿದ್ದಿದ. ಎರಡೇ ವಾರದಲ್ಲಿ ಶೆಟ್ಟರ ಹೋಟೆಲಿಗೆ ಬಂದವರಿಗೆಲ್ಲ "ಬರ್ರಿ, ಕೂಡ್ರಿ" ಎನ್ನತೊಡಗಿದ. ಗಿರಾಕಿಗಳು ಗಾಬರಿಯಾಗಿ ಕೂಡುತ್ತಿದ್ದರು.

ಕ್ಲಾಸು ಐದು ವಾರ ಚೆನ್ನಾಗಿಯೇ ನಡೆಯಿತು. ಪಾಠ ಹೇಳುತ್ತಿದ್ದವನು ನಾನು. ಗೌರಿ ಒತ್ತಕ್ಷರಗಳ ಬಾಗಿಲವರೆಗೆ ಬಂದಿದ್ದಳು. ಆದರೆ ಅದೇ ಹೊತ್ತಿಗೆ ನನ್ನ ಕಣ್ಣು ಶೆಟ್ಟರ ಮೇಲೆ ಬಿತ್ತು. ಕಮಿಟಿಯಲ್ಲಿ ಕರಾವಳಿಯವರು ನಾಲ್ಕು ಜನ, ನಮ್ಮ ಕಡೆಯವರು ನಾಲ್ಕು ಜನ. ಅವರಲ್ಲಿ ಮೂವರು ತಮ್ಮತಮ್ಮಲ್ಲಿ ತುಳುವಿನಲ್ಲಿ ಮಾತಾಡುತ್ತಿದ್ದರು, ಶೆಟ್ಟರೂ ಅದರಲ್ಲಿ ಸೇರಿಕೊಳ್ಳುತ್ತಿದ್ದರು. ನಾನು ಹತ್ತಿರ ಹೋದರೆ ನಗುತ್ತ ಮಾತು ನಿಲ್ಲಿಸುತ್ತಿದ್ದರು. ಕ್ಲಾಸನ್ನು ನನ್ನಿಂದ ಕಸಿದು, ಯಾವನೋ ಮಂಗಳೂರಿನ ಮಾಸ್ತರನನ್ನು ತಂದು, ನಮ್ಮ ಮಕ್ಕಳಿಗೆ ಪುಸ್ತಕದ ಕನ್ನಡ ಕಲಿಸಿ, ನಮ್ಮ 'ಅದ' 'ಭಾಳ'ಗಳನ್ನು ಕೇಳಿ ಅವು ನಗುವಂತೆ ಮಾಡುವ ಹಂಚಿಕೆ ನಡೆದಿದೆ ಎಂದು ನನಗೆ ಖಾತ್ರಿಯಾಯಿತು. ಪುರಾವೆ ಇರಲಿಲ್ಲ. ಪುರಾವೆ ಇಲ್ಲದಿರುವುದೇ ನನಗೆ ದೊಡ್ಡ ಪುರಾವೆಯಾಗಿ ಕಂಡಿತು.

ಸಪ್ಟೆಂಬರಿನ ಸಭೆಯಲ್ಲಿ ನಾನು ಎದ್ದೆ. ಕ್ಲಾಸು ಮುಗಿಸಿ ಗೌರಿಗಾಗಿ ಕಾಯುತ್ತಿದ್ದ ಅರ್ಮಾಂದು ಬಾಗಿಲ ಬಳಿ ಇಡ್ಲಿ ತಿನ್ನುತ್ತ ಕೂತಿದ್ದ.

"ಅಧ್ಯಕ್ಷರಽ, ಒಂದು ಸೂಚನಾ ಅದ," ಎಂದೆ. "ಎಲ್ಲಾರಿಗೂ ತಿಳೀಲಾರದ ಭಾಷಾದಾಗ ಕಮಿಟಿಯೊಳಗ ಯಾರೂ ಮಾತಾಡಬಾರದು."

ಶೆಟ್ಟರು ಚಹಾದ ಕಪ್ಪು ಕೆಳಗಿಟ್ಟರು. "ತುಳುವಿಗೆ ಹೇಳುದಾ ಮಾರಾಯ್ರೆ?"

"ಯಾವುದಕ್ಕಂತ ನಾ ಹೇಳಿಲ್ಲರಿ."

"ಆಯ್ತು, ಒಪ್ಪಿದೆ. ಆದ್ರೆ ನೀವು ನಾಲ್ಕು ಜನ ಗಡಗಡ ಅಂತ ಮಾತಾಡ್ತೀರಲ್ಲ, ಅದು ನಮಗೆ ಅರ್ಧವೂ ಗೊತ್ತಾಗುದಿಲ್ಲ. ಅದೂ ಬೇಡ."

"ಅದು ಕನ್ನಡ ಅದರೀ!"

"ನಮ್ಮದು ಕನ್ನಡ ಅಲ್ವಾ? ನಾನು ಮಾತಾಡಿದ್ರೆ ನಿಮ್ಮವರು ಹಿಂದಿನಿಂದ ನಗುದಿಲ್ವಾ?"

ನಗುತ್ತಿದ್ದೆವು, ಅದು ನಿಜ. ಮುಕ್ಕಾಲು ತಾಸು ಜಗಳವಾಯಿತು. ಅವರ ಕನ್ನಡದಲ್ಲಿ ನಡಾವಳಿ ಬರೆಯಲು ನಾವು ಒಪ್ಪಲಿಲ್ಲ, ನಮ್ಮದರಲ್ಲಿ ಬರೆಯಲು ಅವರು ಒಪ್ಪಲಿಲ್ಲ. ಪುಸ್ತಕದ ಕನ್ನಡ ಇರಲಿ ಎಂದರೆ ಅದು ಅವರ ಕಡೆಗೆ ವಾಲುತ್ತದೆ ಎಂದು ನಾನೇ ಅಡ್ಡ ಹಾಕಿದೆ. ಕೊನೆಗೆ ಶೆಟ್ಟರು ಬೇಸತ್ತು ಹೇಳಿದರು, "ಹಾಗಾದ್ರೆ ಮರಾಠಿಯಲ್ಲೇ ಮಾತಾಡುವ. ಯಾರ ಮನೆಯದೂ ಅಲ್ಲ, ಎಲ್ಲರಿಗೂ ಬರ್ತದೆ."

ತಮಾಷೆಗೆ ಅಂದಿದ್ದರೋ ಏನೋ. ನನಗೆ ಮಾತ್ರ ಅದು ಸರಿ ಎನ್ನಿಸಿತು, ನಾನೇ ಅದನ್ನು ಸೂಚನೆಯಾಗಿ ಮಂಡಿಸಿ ಪಾಸು ಮಾಡಿಸಿದೆ. ತುಳು ಗೆಲ್ಲಲಿಲ್ಲವಲ್ಲ, ಅಷ್ಟು ಸಾಕು. ಆಗ ಕಾರ್ಯದರ್ಶಿಯೂ ನಾನೇ. ಕುರ್ಚಿಯಲ್ಲಿ ಕೂತು, ಹೊಸ ನಿಯಮದ ಪ್ರಕಾರವೇ, ಹದಿನೈದನೆಯ ಪುಟ ತೆರೆದು ಮುತ್ತಿನಂಥ ಅಕ್ಷರದಲ್ಲಿ ಬರೆದೆ: 'ಯಾಪುಢೇ ಬಳಗಾಚೇ ಕಾಮಕಾಜ ಮರಾಠೀತ ಚಾಲೇಲ.' ಇನ್ನು ಮುಂದೆ ಬಳಗದ ಕೆಲಸ ಮರಾಠಿಯಲ್ಲಿ ನಡೆಯುತ್ತದೆ. ಸೂಚಕ: ಶ್ರೀನಿವಾಸ. ಅಂದರೆ ಶೀನ್ಯಾ. ಅಂದರೆ ನಾನು. ಹನ್ನೊಂದು ವರ್ಷ ಇದನ್ನು ಹೇಗೆ ಮರೆತೆನೋ, ಮರೆತೆನೋ ಮುಚ್ಚಿಟ್ಟೆನೋ, ನನ್ನ ಮೇಲೆ ನನಗೇ ಸಂಶಯ.

ಬಾಗಿಲ ಬಳಿ ಅರ್ಮಾಂದು ನಗುತ್ತಿದ್ದ. ಅವನಿಗೆ ಮಾತು ತಿಳಿದಿರಲಿಲ್ಲ, ಮುಖಗಳು ತಿಳಿದಿದ್ದವು. ಮನೆಗೆ ನಡೆದು ಬರುವಾಗ ನಾನು ಸಿಟ್ಟಿನಿಂದ, "ಯಾಕೆ ನಕ್ಕೆ?" ಎಂದು ಕೇಳಿದೆ. ಏನಾಯಿತು ಎಂದು ನನ್ನಿಂದಲೇ ಪೂರ್ತಿ ಕೇಳಿಕೊಂಡ. ಆಮೇಲೆ ಹೇಳಿದ.

"ನಮ್ಮಲ್ಲೂ ಹೀಗೇ ಆಯಿತು. ಅಪ್ಪ ಹೇಳುತ್ತಿದ್ದ. ಆಳುವವರ ವಿರುದ್ಧ ಹತ್ತು ವರ್ಷ ಕಾದಾಡಿದರು. ಕಾಡಿನ ಶಿಬಿರದಲ್ಲಿ ಉತ್ತರದ ಹುಡುಗ, ದಕ್ಷಿಣದ ಹುಡುಗ, ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಉತ್ತರದವನ ಮಾತಿನಲ್ಲಿ ಹುಕುಂ ಕೊಟ್ಟರೆ ದಕ್ಷಿಣದವನಿಗೆ ಸಂಶಯ. ದಕ್ಷಿಣದವನ ಮಾತಿನಲ್ಲಿ ಕೊಟ್ಟರೆ ಉತ್ತರದವನಿಗೆ. ಹೀಗಾಗಿ ಪೋರ್ಚುಗೀಸಿನಲ್ಲೇ ಹುಕುಂ ಕೊಟ್ಟು ಪೋರ್ಚುಗೀಸರ ಮೇಲೆ ಗುಂಡು ಹಾರಿಸಿದರು. ಬಾವುಟ ಬದಲಾದ ಮೇಲೂ ಅದೇ ಉಳಿಯಿತು. ದೇಶ ಒಂದಾಗಿರಬೇಕು ಎಂದರು. ಅದನ್ನು ಯಾರೂ ಇಷ್ಟಪಟ್ಟು ಆರಿಸಲಿಲ್ಲ ಸರ್. ಒಬ್ಬರದು ಇನ್ನೊಬ್ಬರಿಗೆ ಬೇಡವಾಯಿತು, ಅಷ್ಟೇ."

"ತಪ್ಪೇನು? ಜಗಳ ತಪ್ಪಿತಲ್ಲ."

"ತಪ್ಪು ಅನ್ನಲಿಲ್ಲ. ಆ ಭಾಷೆ ಇಲ್ಲದಿದ್ದರೆ ನಾನೇ ಇರುತ್ತಿರಲಿಲ್ಲ. ಅಪ್ಪನದು ಮಕುವಾ, ಅಮ್ಮನದು ಶಾಂಗಾನ. ಇಬ್ಬರೂ ಪ್ರೀತಿ ಮಾಡಿದ್ದು ಪೋರ್ಚುಗೀಸಿನಲ್ಲಿ." ಗೌರಿ ಮುಂದೆ ಮುಂದೆ ಕಲ್ಲು ಒದೆಯುತ್ತ ಹೋಗುತ್ತಿದ್ದಳು. "ಆದರೆ ಅಜ್ಜಿಗೆ ಮಕುವಾ ಮಾತ್ರ ಬರುತ್ತಿತ್ತು. ಶಾಲೆಯಲ್ಲಿ ಮಕುವಾ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನನಗೆ ಬರಲೇ ಇಲ್ಲ. ಇಲ್ಲಿಂದ ಅಜ್ಜಿಗೆ ಪೋರ್ಚುಗೀಸಿನಲ್ಲಿ ಬರೆಯುತ್ತಿದ್ದೆ. ಚಿಕ್ಕಪ್ಪನ ಮಗ ಅದನ್ನು ಮಕುವಾ ಮಾಡಿ ಓದುತ್ತಿದ್ದ. ಹೋದ ವರ್ಷ ತೀರಿಕೊಂಡಳು. ಎಷ್ಟೋ ಕಾಗದ ಬರೆದೆ. ಆದರೆ ಚಿಕ್ಕಪ್ಪನ ಮಗನಿಗೆ ಹೇಳಲಾಗದ ಮಾತು ಒಂದೂ ಅವುಗಳಲ್ಲಿ ಇರಲಿಲ್ಲ. ನಾನು ನನ್ನ ಅಜ್ಜಿಗೆ ಒಂದು ಗುಟ್ಟನ್ನೂ ಹೇಳಲಿಲ್ಲ ಸರ್. ಗೌರಿ ತನ್ನ ಕಾಗದದ ವಿಷಯ ಹೇಳಿದಳು. ಅದಕ್ಕೇ ನಾನೂ ಕ್ಲಾಸಿಗೆ ಬಂದೆ, ಅವಳಿಗೆ ಜೊತೆ ಇರಲಿ ಎಂದು."

ನನಗೆ ಅಳು ಬಂತು ಎಂದು ಬರೆದರೆ ನೀವು ನಂಬಲಿಕ್ಕಿಲ್ಲ. ಬಂತು. ಈ ಹುಡುಗನ ಕಿಟಕಿಯ ಕೆಳಗೆ ನಾನು ಮೂರು ತಿಂಗಳು ತಂಬಿಗೆ ಹಿಡಿದು ನಿಂತಿದ್ದೆ.

ಆದರೆ ಬುದ್ಧಿ ಬಂದಷ್ಟು ಬೇಗ ಬಳಗ ತಿರುಗಿ ಬರಲಿಲ್ಲ. ನಿಯಮ ಒಮ್ಮೆ ಬರೆದದ್ದಾಗಿತ್ತು. ಕಮಿಟಿ ಮರಾಠಿಯಾದ ಮೇಲೆ ಕ್ಲಾಸಿನ ಸೂಚನಾಪತ್ರ ಮರಾಠಿಯಾಯಿತು. ಪಾಲಕರ ಒತ್ತಾಯಕ್ಕೆ ಪಾಠದ ವಿವರಣೆ ಮರಾಠಿಯಾಯಿತು. ರಾಜ್ಯೋತ್ಸವದ ಹಾಡನ್ನು ಮಕ್ಕಳಿಗೆ ಬೇಗ ಬಾಯಿಪಾಠ ಮಾಡಿಸಬೇಕೆಂದು ಕನ್ನಡ ಹಾಡನ್ನು ಬಾಳಬೋಧ, ಅಂದರೆ ಮರಾಠಿಯ ದೇವನಾಗರಿ ಲಿಪಿಯಲ್ಲಿ ಬರೆದು ಹಂಚಿದೆವು. ಅದನ್ನು ಓದಲು ಬಂದ ಮೇಲೆ ಕನ್ನಡ ಅಕ್ಷರ ಯಾಕೆ ಎಂದು ಮಕ್ಕಳು ಕೇಳಿದರು. ಜಾಣ ಮಕ್ಕಳು. ಅಕ್ಟೋಬರಿನ ಕೊನೆಗೆ ಚಾಪೆಯ ಮೇಲೆ ಉಳಿದವರು ಇಬ್ಬರೇ, ಗೌರಿ ಮತ್ತು ಅರ್ಮಾಂದು. ಇಬ್ಬರಿಗಾಗಿ ಗೋದಾಮು ಹಿಡಿದಿಡುವುದು ಸರಿಯಲ್ಲ ಎಂದು ಕಮಿಟಿ ಠರಾವು ಮಾಡಿತು. ಶೆಟ್ಟರು ಮಾತ್ರ ಬೇಡ ಎಂದು ಒಂದೇ ಸಮನೆ ಹೇಳಿದರು, ನಡೆಯಲಿ, ಇಬ್ಬರಾದರೆ ಇಬ್ಬರು, ಎಂದು. ಅದೂ ನಡಾವಳಿಯಲ್ಲಿದೆ, ನನ್ನ ಅಕ್ಷರದಲ್ಲೇ. ಉಳ್ಳಾಗಡ್ಡಿ ತನ್ನ ಜಾಗಕ್ಕೆ ಮರಳಿತು.

ದೀಪಾವಳಿಗೆ ಅವ್ವ ಬಂದಳು. ಚೀಲ ಕೆಳಗಿಡುವ ಮೊದಲೇ ಗೌರಿಯನ್ನು ಕೇಳಿದಳು, "ಓದಿದಿ?"

ಗೌರಿಗೆ ಇಷ್ಟು ತಿಳಿಯುತ್ತಿತ್ತು. ತಲೆ ತಗ್ಗಿಸಿ ಅಲ್ಲಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಆಜೀಲಾ ಸಾಂಗಾಯಲಾ ಸಾಂಗಾ," ಎಂದಳು. ಕಾಗದದಲ್ಲಿರುವುದನ್ನು ಅಜ್ಜಿ ಬಾಯಲ್ಲೇ ಹೇಳಲಿ ಎಂದು. ನಾನು ಅವ್ವನಿಗೆ ಹೇಳಿದೆ.

ಅವ್ವ ನನ್ನನ್ನು ಒಂದು ಗಳಿಗೆ ದಿಟ್ಟಿಸಿದಳು. "ಬಾಯಿಲೆ ಹೇಳಬೇಕಂದ್ರ ನಡುವ ನೀ ಬೇಕಾಗ್ತೀ. ನೀ ಬ್ಯಾಡಂತನಽ ಬರದದ್ದು." ಮೊಮ್ಮಗಳ ತಲೆ ಸವರಿ, "ಓದೀಯಂತ ತಗೋ. ಅದೇನು ಹಾಲಲ್ಲ, ಕೆಡೂದಿಲ್ಲ," ಎಂದಳು. ಇದನ್ನು ನಾನು ಮರಾಠಿ ಮಾಡಿದೆ. ಅಜ್ಜಿ ಮೊಮ್ಮಗಳು ಹದಿನೈದು ದಿನ ಒಂದೇ ತಾಟಿನಲ್ಲಿ ಉಂಡರು, ಒಂದೇ ಹಾಸಿಗೆಯಲ್ಲಿ ಮಲಗಿದರು. ನಡುವೆ ಮಾತು ಬೇಕಾದಾಗೆಲ್ಲ ನನ್ನನ್ನು ಕರೆಯುತ್ತಿದ್ದರು. ಜಗತ್ತಿನ ಎಲ್ಲರ ಮಾತು ಕದ್ದು ಕೇಳುವ ಹಂಬಲವಿದ್ದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ.

ಅರ್ಮಾಂದು ಇನ್ನೊಂದು ವರ್ಷ ಇದ್ದು, ಪರೀಕ್ಷೆ ಮುಗಿಸಿ ಊರಿಗೆ ಹೋದ. ಹೊರಡುವಾಗ ರಿಕ್ಷಾದಿಂದ ಬಗ್ಗಿ, ಹತ್ತು ವರ್ಷದ ಗೌರಿಗೆ ತನಗೆ ಗೊತ್ತಿದ್ದ ಮರ್ಯಾದೆಯ ಕನ್ನಡದಲ್ಲಿ, "ಓದ್ರಿ," ಎಂದ. ಅವನ ಕೋಣೆಯನ್ನು ನಾನು ತಪಾಸಣೆ ಮಾಡಲಿಲ್ಲ. ಬರೀ ಕಸ ಗುಡಿಸಿದೆ.

ಆಮೇಲಿನದು ಎಲ್ಲ ಮನೆಗಳ ಕಥೆ. ಓದು, ಪರೀಕ್ಷೆ, ಗಡಿಬಿಡಿ. ಅವ್ವ ತೀರಿಕೊಂಡು ಈಗ ನಾಲ್ಕು ವರ್ಷ. ಸುದ್ದಿ ಬಂದ ದಿನ ಗೌರಿ ಕಂಪಾಸ್ ಪೆಟ್ಟಿಗೆ ಹಿಡಿದು ಕೂತಿದ್ದಳು, "ನಾನು ಓದಿ ಹೇಳಲಾ?" ಎಂದು ಕೇಳಿದೆ. ಬೇಡ ಎಂದಳು. ಮುಂದೆ ಅವಳಿಗೆ ಕೃಷಿ ಓದಲು ಸೀಟು ಸಿಕ್ಕಿದ್ದು ಧಾರವಾಡದಲ್ಲಿ. ಅಲ್ಲಿ ಏನು ಓದುತ್ತಾಳೆ, ಯಾರೊಡನೆ ಓಡಾಡುತ್ತಾಳೆ ಎಂದು ನಾನು ಫೋನಿನಲ್ಲಿ ಮರಾಠಿಯಲ್ಲಿ ಕೇಳುತ್ತಿದ್ದೆ, ಅವಳು ಮರಾಠಿಯಲ್ಲಿ ಮುಚ್ಚಿಡುತ್ತಿದ್ದಳು.

ಈ ಸಲ ಗಣಪತಿಯ ರಜೆಗೆಂದು ಬಂದಿದ್ದಾಳೆ. ನಾನು ಮಾಳಾದಿಂದ ಇಳಿದು ಕೆಂಪು ಪುಸ್ತಕದ ಧೂಳು ಕೊಡವುತ್ತಿದ್ದಾಗ ಹಿಂದಿನಿಂದ ಬಂದು ಕಸಿದುಕೊಂಡಳು. ಮೊದಲ ಪುಟ ತೆರೆದು, "ಕ-ನ್ನ-ಡ ಬ-ಳ-ಗ," ಎಂದು ಒಂದೊಂದೇ ಅಕ್ಷರ ಹಿಡಿದು ಓದಿದಳು, ನಿಲ್ದಾಣದಲ್ಲಿ ನಿಂತು ಬಸ್ಸಿನ ಬೋರ್ಡು ಓದುವ ಧಾಟಿಯಲ್ಲಿ. ನಾನು ಏಣಿ ಹಿಡಿದು ನಿಂತೆ.

"ಯಾವಾಗ ಕಲಿತೆ?"

"ಎರಡು ವರ್ಷಾತು. ಬಸ್ಸಿನ ಬೋರ್ಡ್ ನೋಡಿ ನೋಡಿ ಬಂತು," ಎಂದಳು. ಕನ್ನಡದಲ್ಲಿ. ನಮ್ಮ ಕನ್ನಡದಲ್ಲಿ. ನನಗೆ ಹೇಳದೆ ಮುಚ್ಚಿಟ್ಟಿದ್ದಳು, ನಮ್ಮ ಮನೆತನದವಳೇ. ಹದಿನೈದನೆಯ ಪುಟದವರೆಗೆ ತಿರುವಿ, ಸೂಚಕನ ಹೆಸರು ಓದಿ, ನನ್ನ ಮುಖ ನೋಡಿ ಒಳಗೆ ಹೋದಳು. ತುಕ್ಕು ಹಿಡಿದ ಕಂಪಾಸ್ ಪೆಟ್ಟಿಗೆಯೊಂದಿಗೆ ತಿರುಗಿ ಬಂದಳು. ಲಕೋಟೆ ತೆಗೆದು ಬೆಳಕಿಗೆ ಹಿಡಿದಳು.

"ಅಪ್ಪಾ, ಇದನ್ನ ಎಷ್ಟು ಓದೀದಿ?"

"ನಾನು? ಅದು ಮುಚ್ಚೇ ಅದಲ್ಲ!"

"ಅಜ್ಜೀ ಕುಂಕುಮ ಮಣ್ಣಿನ ಬಣ್ಣದ್ದು. ಇದು ಆಯೀ ಕರಡಿಗಿದು, ಗುಲಾಬಿ. ಸಿಂಹಗಡದಿಂದ ಬಂದ ದಿನಾನೇ ನೋಡೀನಿ." ಒಂಬತ್ತು ವರ್ಷದವಳಿದ್ದಾಗಲೇ ನೋಡಿದ್ದಾಳೆ. ಹನ್ನೊಂದು ವರ್ಷ ಬಾಯಿ ಬಿಟ್ಟಿಲ್ಲ.

"ಒಂದಽ ಸಾಲು," ಎಂದೆ. "ಖರೇನ ಒಂದಽ ಸಾಲು, ಗೌರೀ."

ನಂಬಲಿಲ್ಲ. ನಂಬುವುದಾದರೂ ಹೇಗೆ? ಅಲ್ಲೇ ನಿಂತು ಲಕೋಟೆ ಬಿಚ್ಚಿದಳು. ಮೊದಲ ಸಾಲನ್ನು ಅಕ್ಷರ ಅಕ್ಷರ ಬಿಡಿಸಿ ಗಟ್ಟಿಯಾಗಿ ಓದಿದಳು. "ಶೀನ್ಯಾ, ಇಲ್ಲಿಗೇ ನಿಲ್ಲಸು" ಎಂಬಲ್ಲಿಗೆ ಬಂದಾಗ ನಿಂತಳು. ನನ್ನನ್ನು ನೋಡಿದಳು. ಆ ನೋಟದಲ್ಲಿ ಮೊದಲ ಬಾರಿಗೆ ಸಂಶಯ ಇರಲಿಲ್ಲ. ಮುಂದಿನದನ್ನು ಓದದೆ, ಕಾಗದವನ್ನು ಎದೆಗೊತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮನಸ್ಸಿನಲ್ಲಿ ಓದಲು ಅವಳಿಗೆ ಇನ್ನೂ ಬರುವುದಿಲ್ಲ. ಗಟ್ಟಿಯಾಗಿಯೇ ಓದಬೇಕು. ಬಾಗಿಲ ಆಚೆಯಿಂದ ಅವ್ವನ ಮಾತು ಒಂದೊಂದೇ ಅಕ್ಷರವಾಗಿ ಬರತೊಡಗಿತು, 'ಬ' ಎಂದು ಶುರುವಾಯಿತು. ನನ್ನ ಕಾಲು ತಾನಾಗಿ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಿತು. ಅಲ್ಲಿಗೇ ನಿಲ್ಲಿಸಿದೆ. ತಿರುಗಿ ಅಡುಗೆಮನೆಗೆ ಹೋಗಿ, ಸಿಂಕಿನಲ್ಲಿ ದೊಡ್ಡ ಪಾತೇಲಿ ಇಟ್ಟು, ನಳವನ್ನು ಪೂರ್ತಿ ಬಿಟ್ಟು ಅದರ ಸದ್ದಿನಲ್ಲಿ ನಿಂತುಕೊಂಡೆ.